ಒಂದೇ ಉಸಿರಿನ ಕೂಗು

ಈರಕ್ಕ ತನ್ನ ಜೀವಮಾನದಲ್ಲಿ ಗಡಿಯಾರ ನೋಡಿ ಒಲೆಯ ಮೇಲೆ ಹಂಚಿಟ್ಟವಳಲ್ಲ. ಗುಡೇಕೋಟೆಗೆ ಸೊಸೆಯಾಗಿ ಬಂದಾಗಿನಿಂದಲೂ ಅವಳ ಅಡುಗೆಮನೆಗೆ ಹೊತ್ತು ತಿಳಿಸುತ್ತಿದ್ದುದು ಗಂಡನ ಕೂಗು. ಸಂಜೆ ಕುರಿಮಂದೆ ಗುಡ್ಡದ ತಿರುವಿಗೆ ಬರುತ್ತಲೇ ಓಬಳೇಶಪ್ಪ ಅಲ್ಲಿದ್ದ ದುಂಡುಬಂಡೆ ಹತ್ತಿ, ಮೈಲಾರದ ದಿಕ್ಕಿಗೆ ಮುಖ ಮಾಡಿ, ಒಂದೇ ಉಸಿರಿನಲ್ಲಿ 'ಏಳುಕೋಟಿ ಏಳುಕೋಟಿ ಏಳುಕೋಟಿಗೋ' ಎಂದು ಕೂಗುತ್ತಿದ್ದ. ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆತನದವರೆಲ್ಲ ಕೂಗುವ ಕೂಗೇ ಅದು. ಆದರೆ ಕೊನೆಯ 'ಗೋ' ಎಂಬುದನ್ನು ಓಬಳೇಶಪ್ಪ ಎಳೆದಷ್ಟು ಎಳೆಯುವವರು ಸುತ್ತಿನ ಹಳ್ಳಿಗಳಲ್ಲಿ ಯಾರೂ ಇರಲಿಲ್ಲ. ಅದು ಬಂಡೆಯಿಂದ ಹೊರಟು, ಸೀತಾಫಲದ ಪೊದೆಗಳನ್ನು ಹಾದು, ಮನೆ ಮುಂದಿನ ಬೇವಿನಮರಕ್ಕೆ ಬಂದು ಮುಟ್ಟುವಷ್ಟರಲ್ಲಿ ಈರಕ್ಕ ಹಂಚಿಟ್ಟು ಹಿಟ್ಟಿಗೆ ಕೈ ಹಾಕಿರುತ್ತಿದ್ದಳು. ಕುರಿಗಳನ್ನು ದೊಡ್ಡಿಗೆ ಸೇರಿಸಿ ಅವನು ಕಾಲು ತೊಳೆದು ಒಳಗೆ ಬರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ಎಷ್ಟು ಸುಖದ ಲೆಕ್ಕ ಅದು ಎಂದು ಆಗ ಅವಳಿಗೆ ಅನ್ನಿಸಿರಲಿಲ್ಲ. ಸೊಂಟ ನೋವು, ಹೊಗೆ, ಹಸಿಕಟ್ಟಿಗೆ ಎಂದು ಗೊಣಗುತ್ತಲೇ ಆ ಸಂಜೆಗಳನ್ನೆಲ್ಲ ಕಳೆದುಬಿಟ್ಟಿದ್ದಳು.

ಭಾನುವಾರದ ಕೂಗಿನ ಬಿಗಿಯೇ ಬೇರೆ. ಅದು ಮೈಲಾರಲಿಂಗನ ವಾರ. ಮನೆಯ ಹಿರಿಯ ಗಂಡಸು ಅಂಗಳದ ಕಲ್ಲಿನ ಮೇಲೆ ನಿಂತು ಕೂಗಿದ ಮೇಲೆಯೇ ಆ ದಿನ ಆ ಮನೆಯಲ್ಲಿ ತುತ್ತು ಬಾಯಿಗೆ ಹೋಗಬೇಕು. ಕೂಗು ನಡುವೆ ಕಡಿಯಬಾರದು, ಕಡಿದರೆ ಮನೆಗೆ ಕೇಡು. ಹೆಂಗಸರು ಕೂಗುವಂತಿಲ್ಲ. ಹಿರಿಯನು ತಾನಾಗಿ ಕೊಡದೆ ಕಿರಿಯನೂ ಕೂಗುವಂತಿಲ್ಲ. ಓಬಳೇಶಪ್ಪನ ತಂದೆ ಶಿವಯೋಗಪ್ಪ ಹಾಸಿಗೆ ಹಿಡಿದಾಗ ಮಗನನ್ನು ಕರೆದು, ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚಿ, "ಇನ್ನ ನೀನ ಕೂಗು" ಅಂದಿದ್ದ. ಮುಂದಿನ ಭಾನುವಾರ ನೋಡಲು ಅವನಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ಕೂಗು ಕೊಡುವುದೆಂದರೆ ಹೊರಡಲು ಚಪ್ಪಲಿ ಮೆಟ್ಟಿದಂತೆ.

ಅಂಥ ಕೂಗು ಹೊರಡುತ್ತಿದ್ದ ಎದೆಯನ್ನು ಈಗ ದಾವಣಗೆರೆಯಲ್ಲಿ ಡಾಕ್ಟರರು ನಡುಮಧ್ಯೆ ಸೀಳಿ, ಒಳಗಿನ ನರ ಸರಿಮಾಡಿ, ತಂತಿ ಬಿಗಿದು, ಹೊಲಿದು ಕಳಿಸಿದ್ದರು. ಹೃದಯ ಈಗ ಚೆನ್ನಾಗಿದೆ ಎಂದೇ ಎಲ್ಲರೂ ಅಂದರು. ಉಸಿರು ಮಾತ್ರ ಚೆನ್ನಾಗಿರಲಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಓಬಳೇಶಪ್ಪ ಕಂಬ ಹಿಡಿದು ನಿಲ್ಲುತ್ತಿದ್ದ. ಒಂದು ಮಾತಾಡಿದರೆ ನಡುವೆ ಎರಡು ಸಲ ಗಾಳಿ ಎಳೆಯುತ್ತಿದ್ದ. ಕೆಮ್ಮು ಬಂದರೆ ಎದೆ ಬಿಚ್ಚಿಹೋದೀತೆಂದು ದಿಂಬು ಅವುಚಿಕೊಂಡು ಕೂರುತ್ತಿದ್ದ. ಕುರಿಗಳನ್ನು ತಮ್ಮನ ಮಗ ಅಂಜಿನೇಯಲು ತನ್ನ ಮಂದೆಯೊಂದಿಗೆ ಸೇರಿಸಿಕೊಂಡು ಹಂಪಸಾಗರದ ಕಡೆ ಹೊಡೆದುಕೊಂಡು ಹೋಗಿದ್ದ. ಮನೆಯಲ್ಲಿ ಉಳಿದದ್ದು ಖಾಲಿ ದೊಡ್ಡಿ ಮತ್ತು ಮೋತಿ ಎಂಬ ಮುದಿ ನಾಯಿ. ಅದಕ್ಕೂ ಮಾಡಲು ಕೆಲಸವಿರಲಿಲ್ಲ.

ಮನೆಯ ಕಾರುಬಾರು ಸೊಸೆ ರೇಣುಕಾಳ ಕೈಗೆ ಹೋಗಿತ್ತು. ಅವಳು ಅಂಗನವಾಡಿ ಟೀಚರ್. ಎಳೆ ಮಕ್ಕಳಿಗೆ ಬಾಯಿ ತೆರೆಸಿ ತಿನ್ನಿಸಿ ರೂಢಿಯಿದ್ದವಳು ಮಾವನನ್ನೂ ಅದೇ ಸಾಲಿಗೆ ಸೇರಿಸಿಕೊಂಡಳು.

"ಇದೇನು ಸಾರೋ, ಕೈ ತೊಳೆದ ನೀರೋ?" ಎಂದು ಓಬಳೇಶಪ್ಪ ತಟ್ಟೆ ಸರಿಸಿದರೆ, "ಉಪ್ಪು ಕಮ್ಮಿ ಹಾಕ್ರಿ ಅಂತ ಡಾಕ್ಟರು ಹೇಳ್ಯಾರ, ಮಾವ" ಎಂದು ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳುತ್ತಿದ್ದಳು.

"ಕಮ್ಮಿ ಅಂದ್ರ ಇಲ್ಲೇ ಇಲ್ಲ ಅಂತೇನವ್ವ?"

"ಉಪ್ಪು ತಿಂದ್ರ ಮೈಯಾಗ ನೀರು ನಿಲ್ತೈತಿ. ನೀರು ನಿಂತ್ರ ಉಸಿರು ಕಟ್ತೈತಿ. ಉಣ್ರಿ ಸುಮ್ಮನ."

ಅತ್ತೆ ಈರಕ್ಕ ಈ ಜಗಳದಲ್ಲಿ ಯಾವ ಕಡೆಗೂ ಸೇರುತ್ತಿರಲಿಲ್ಲ. ಸೊಸೆಯ ಬೆನ್ನು ತಿರುಗಿದಾಗ ಚೂರು ಶೇಂಗಾ ಚಟ್ನಿಯನ್ನು ರೊಟ್ಟಿಯ ಅಡಿಗಿಟ್ಟು ಕೊಟ್ಟದ್ದೂ ಉಂಟು. ಸಿಕ್ಕಿಬಿದ್ದು ಬೈಸಿಕೊಂಡದ್ದೂ ಉಂಟು.

ಆಸ್ಪತ್ರೆಯವರು ಉಸಿರಿಗೆಂದು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದರೊಳಗೆ ಮೂರು ಬಣ್ಣದ ಗುಂಡುಗಳು, ಪಕ್ಕಕ್ಕೊಂದು ನಳಿಗೆ. ಓಬಳೇಶಪ್ಪ ಅದನ್ನು ಬಾಯಿಗಿಟ್ಟು ಕೊಳಲಿನಂತೆ ಊದಿದ. ಗುಂಡುಗಳು ಕದಲಲಿಲ್ಲ. ಮೊಮ್ಮಗಳು ರೋಜಾ ನಕ್ಕಳು.

"ಊದೋದಲ್ಲ ತಾತ, ಗಾಳಿ ಒಳಗ ಎಳಕೋಬೇಕು."

"ಒಳಗ ಎಳಕೊಂಡು ಏನು ಮಾಡ್ಲಿ? ಉಸಿರು ಇರೋದು ಹೊರಗ ಬಿಡಾಕ."

ಎಳೆದುಕೊಂಡಾಗ ಮೊದಲ ಗುಂಡು ಒಂದಿಷ್ಟು ಎದ್ದು ಬಿತ್ತು. ಅಷ್ಟಕ್ಕೇ ಅವನ ಹಣೆ ಬೆವರಿತು. ಗುಡ್ಡದಾಚೆಗೆ ದನಿ ಕಳಿಸಿದವನು ಬೆರಳಗಲದ ಗುಂಡಿನ ಮುಂದೆ ಸೋತು ಕೂತದ್ದನ್ನು ಈರಕ್ಕ ಬಾಗಿಲ ಸಂದಿಯಿಂದ ನೋಡಿದಳು. ಅವಳಿಗೆ ಅಳು ಬಂತು. ಅತ್ತಳು, ಮೂಗು ಒರೆಸಿಕೊಂಡಳು, ಹೋಗಿ ಕಾಳು ಆರಿಸುತ್ತ ಕೂತಳು.

ಭಾನುವಾರ ಬಂತು. ಅಂಗಳದ ಕಲ್ಲಿನ ಹತ್ತಿರಕ್ಕೂ ಓಬಳೇಶಪ್ಪ ಹೋಗಲಿಲ್ಲ. "ನೀವೆಲ್ಲ ಉಣ್ರಿ, ನನಗ ಹಸಿವಿಲ್ಲ" ಎಂದು ಗೋಡೆಗೆ ತಿರುಗಿ ಮಲಗಿದ. ಆಸ್ಪತ್ರೆಯಿಂದ ಬಂದ ದಣಿವು ಎಂದುಕೊಂಡು ಮಕ್ಕಳು ಮರಿ ಉಂಡರು. ಈರಕ್ಕ ಉಂಡಂತೆ ಮಾಡಿದಳು. ಅದರ ಮುಂದಿನ ಭಾನುವಾರವೂ ಅದೇ ಹಸಿವಿಲ್ಲದ ಮಾತು ಬಂದಾಗ ರೇಣುಕಾಳಿಗೆ ಅನುಮಾನ ಬಂತು. ಹಾಸಿಗೆ ಕೊಡವಿದರೆ ದಿಂಬಿನಡಿಯಿಂದ ಮಾತ್ರೆಗಳು ಉದುರಿದವು.

"ಅತ್ತೀ, ಬರ್ರಿ ಇಲ್ಲಿ. ಊಟ ಆದಮ್ಯಾಲೆ ನುಂಗೋ ಗುಳಿಗಿ ಇವು. ಐತವಾರ ಊಟಾನೇ ಇಲ್ಲ, ಗುಳಿಗೀನೂ ಇಲ್ಲ. ಹಿಂಗಾದ್ರ ಮಾಡಿಸಿದ ಆಪರೇಶನ್ ಎದಕ್ಕ ಬಂತು?"

ಆ ದಿನ ಮಗ ಮೈಲಾರೇಶ್ ಮನೆಯಲ್ಲಿದ್ದ. ಕೂಡ್ಲಿಗಿ ಡಿಪೊದಲ್ಲಿ ಕಂಡಕ್ಟರ್. ದಿನವಿಡೀ ಬಸ್ಸಿನಲ್ಲಿ ಕೂಗಿ ಮನೆಗೆ ಬಂದರೆ ಮೂಗಬಸವನಂತೆ ಇರುವ ಗಂಡು. ಅವನು ಅಪ್ಪನ ಮಂಚದ ತುದಿಗೆ ಕೂತು ಮೆಲ್ಲಗೆ ಅಂದ:

"ಅಪ್ಪಾ, ಕೂಗು ನಾನು ಕೂಗ್ತೀನಿ. ನೀನು ಉಣ್ಣು."

ಓಬಳೇಶಪ್ಪ ಮೊಣಕೈ ಊರಿ ಎದ್ದ. "ಭಂಡಾರ ಹಚ್ಚಲೇನು? ತಾ. ಹಂಗ ನಾಕು ಬಿದಿರನೂ ತಂದಿಡು."

"ನಾನು ಹಂಗಂದ್ನೇನು?"

"ಮತ್ತೆ ಹೆಂಗಂದಿ? ನಾನಿನ್ನೂ ಉಸಿರಾಡಕತ್ತೀನಿ ಲೇ."

"ಉಸಿರಾಡಕತ್ತೀಯಲ್ಲ, ಆ ಉಸಿರಿಗಿ ಒಂದು ತುತ್ತು ಹಾಕು ಅಂತೀನಿ. ದೇವರೇನು ಉಪವಾಸ ಕೆಡವಿ ಕೊಲ್ಲು ಅಂದಾನ?"

"ದೇವರ ಸುದ್ದಿ ನಿನಗ್ಯಾಕ? ಟಿಕೀಟು ಹರೀ ಹೋಗು."

ಮೈಲಾರೇಶ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ರಜೆಯ ದಿನವಾದರೂ ಬಸ್ ನಿಲ್ದಾಣಕ್ಕೆ ಹೋಗಿ ಕೂತನಂತೆ. ಬೇಯಿಸಿದ ಹೆಸರುಕಾಳಿನ ಪಲ್ಯ ಯಾರಿಗೂ ಸೇರಲಿಲ್ಲ. ಆ ಸಂಜೆಯೇ ಓಬಳೇಶಪ್ಪನಿಗೆ ಕಣ್ಣುಕತ್ತಲೆ ಬಂದು ಉಸಿರು ಗೊರಗೊರ ಎಂದಿತು. ಆಟೋ ಮಾಡಿಕೊಂಡು ಕೂಡ್ಲಿಗಿಗೆ ಓಡಿದರು. ಎದೆಯಲ್ಲಿ ನೀರು ಸೇರಿದೆ, ಇಳಿಸಲು ಗುಳಿಗೆ ಹೆಚ್ಚು ಮಾಡಿದ್ದೇನೆ ಎಂದು ಅಲ್ಲಿನ ಡಾಕ್ಟರು ಸೂಜಿ ಚುಚ್ಚುತ್ತ ಅಂದರು. ಹೊತ್ತುಹೊತ್ತಿಗೆ ಉಣ್ಣಬೇಕು, ಒಂದು ಗುಳಿಗೆಯೂ ತಪ್ಪಬಾರದು, ದಿನಾ ನಡೆಯಬೇಕು, ಡಬ್ಬಿಯ ಗುಂಡು ಎತ್ತಬೇಕು. "ಕೂಗಬಹುದೇನ್ರಿ?" ಎಂದು ಈರಕ್ಕ ಕೇಳಿದಳು. ಡಾಕ್ಟರು ಅವಳನ್ನು ವಿಚಿತ್ರವಾಗಿ ನೋಡಿ, "ಯಾರನ್ನ ಕೂಗಬೇಕವ್ವ?" ಅಂದರು. ಅದನ್ನು ಅವರಿಗೆ ತಿಳಿಸಿ ಹೇಳಲು ಅವಳಿಗೆ ಬರಲಿಲ್ಲ. ನಿಧಾನಕ್ಕೆ ಎಲ್ಲಾ ಬರುತ್ತೆ, ಈಗ ಎದೆಗೆ ಜೋರು ಬೇಡ ಎಂದರು.

ವಾರದ ದಿನಗಳಲ್ಲಿ ಓಬಳೇಶಪ್ಪ ಹೇಳಿದ ಹಾಗೆ ಕೇಳತೊಡಗಿದ. ರೋಜಾಳ ಹೆಗಲು ಹಿಡಿದು ಬೇವಿನಮರದ ತನಕ, ಆಮೇಲೆ ದೊಡ್ಡಿಯ ಬಾಗಿಲ ತನಕ, ಆಮೇಲೆ ಓಣಿಯ ತುದಿಯ ತನಕ ನಡೆದ. ಭಾನುವಾರ ಮಾತ್ರ ಮತ್ತೆ ಅದೇ ಗೋಡೆ, ಅದೇ ಬೆನ್ನು. ರೇಣುಕಾ ಗಂಜಿ ಹಿಡಿದು ಎದುರು ನಿಂತರೆ ಗುಳಿಗೆ ನುಂಗಲೆಂದು ಎರಡು ಗುಟುಕು ಮಜ್ಜಿಗೆ ಕುಡಿದ. ಕುಡಿದದ್ದಕ್ಕೆ ತಪ್ಪು ಮಾಡಿದವನಂತೆ ಬಾಯಿ ಒರೆಸಿಕೊಂಡ.

ಈರಕ್ಕನ ರೊಟ್ಟಿಗಳೂ ಕೆಟ್ಟವು. ಇದನ್ನು ನಂಬುವುದು ಕಷ್ಟ, ಏಕೆಂದರೆ ಆ ಓಣಿಯಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿರಲಿಲ್ಲ. ಈಗ ಒಮ್ಮೆ ಹಂಚು ಕಾದು ಕೆಂಪಾಗುತ್ತಿತ್ತು, ಒಮ್ಮೆ ಕಾಯುವ ಮೊದಲೇ ರೊಟ್ಟಿ ಹಾಕಿಬಿಡುತ್ತಿದ್ದಳು. ಸಂಜೆಯಾದರೆ ಕೈಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ರೋಜಾ ಒಲೆಯ ಮುಂದೆ ಕೂತು ಮೊಬೈಲು ತೀಡುತ್ತಿದ್ದಳು. "ಅಜ್ಜಿ, ತಾತನ ಕೂಗು ಇದರಾಗ ಐತಿ. ಹೋದ ವರ್ಷ ಅಂಜಿನೇಯಲು ಕಾಕನ ಮದುವ್ಯಾಗ ತಗದಿದ್ದೆ. ಕೇಳ್ತಿಯೇನು?"

"ಹಚ್ಚವ್ವ" ಎಂದಳು ಈರಕ್ಕ. ತಾನು ಇಷ್ಟು ಬೇಗ ಹೂಂ ಅಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ರೋಜಾ ಹಚ್ಚಿದಳು. ಮದುವೆಯ ಗದ್ದಲದ ನಡುವಿನಿಂದ ಆ ದನಿ ಎದ್ದು ಬಂತು. ಏಳುಕೋಟಿ ಏಳುಕೋಟಿ ಏಳುಕೋಟಿಗೋ. ಈರಕ್ಕ ಏನೂ ಯೋಚಿಸಲಿಲ್ಲ. ಎದ್ದಳು, ಹಂಚಿಟ್ಟಳು, ಹಿಟ್ಟಿಗೆ ಕೈ ಹಾಕಿದಳು. ಮಗ ತೊಟ್ಟಿಲಲ್ಲಿದ್ದ ಕಾಲ, ಅತ್ತೆ ಪಡಸಾಲೆಯಲ್ಲಿ ಉಣ್ಣೆ ನೂಲುತ್ತಿದ್ದ ಕಾಲ, ಮರಿಗಳ ಕೂಗಿನಿಂದ ಮನೆ ಕಿವುಡಾಗುತ್ತಿದ್ದ ಕಾಲ ಎಲ್ಲವೂ ಆ ಹೊಗೆಯಲ್ಲಿ ಬಂದು ಕೂತವು. "ಇನ್ನೊಂದು ಸಲ ಹಚ್ಚು" ಅಂದಳು. "ದೊಡ್ಡದಾಗಿ ಹಚ್ಚು."

ಹೊರಗೆ ಬೇವಿನಮರದಡಿ ಮಂಚದ ಮೇಲೆ ಓಬಳೇಶಪ್ಪ ಕೂತಿದ್ದ. ಅವನ ಕಾಲ ಬಳಿಯೇ ಮೋತಿ ಮಲಗಿತ್ತು. ಕೂಗು ಎರಡನೇ ಸಲ ಕೇಳಿದ್ದೇ ತಡ, ನಾಯಿ ಕಿವಿ ನಿಗುರಿಸಿ ಎದ್ದಿತು. ಮುದಿ ಕಾಲುಗಳಲ್ಲಿ ಎಲ್ಲಿತ್ತೋ ಆ ಶಕ್ತಿ, ಮಂಚದಲ್ಲಿದ್ದವನ ಮುಂದಿನಿಂದಲೇ ಹಾರಿ, ದೊಡ್ಡಿ ಸುತ್ತಿ, ಗುಡ್ಡದ ದಾರಿಗೆ ಓಡಿತು. ತಿರುವಿನ ತನಕ ಹೋಗಿ, ಅಲ್ಲಿ ಬಂಡೆಯ ಸುತ್ತ ಮೂಸಿ, ಹುಡುಕಿ, ಬೊಗಳಿತು. ಈರಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಾಗ ಓಬಳೇಶಪ್ಪ ಅದನ್ನೇ ನೋಡುತ್ತಿದ್ದ.

"ನಾಯಿಗೂ ಗೊತ್ತಾತು" ಅಂದ.

"ಏನು ಗೊತ್ತಾತ್ರಿ?"

"ನಾನು ಅಲ್ಲಿ ಅದೀನಿ... ಇಲ್ಲಿ ಇಲ್ಲ ಅಂತ."

ರೋಜಾ ಮೊಬೈಲು ಹಿಡಿದು ಬಾಗಿಲಲ್ಲೇ ಅಳತೊಡಗಿದಳು. ಈರಕ್ಕ ಅವಳನ್ನು ಒಳಗೆ ಕಳಿಸಿ ಮಂಚದ ಎದುರು ನಿಂತಳು. ಗಂಡನಿಗೆ ಎಂದೂ 'ರಿ' ಬಿಟ್ಟು ಮಾತಾಡಿದವಳಲ್ಲ. ಅವತ್ತು ಅದು ಎಲ್ಲಿ ಹೋಯಿತೋ.

"ನಾಯಿ ಸುದ್ದಿ ಬಿಡು. ಅದು ಕುರಿ ಕಾಯೋ ನಾಯಿ, ಗುಡ್ಡಕ್ಕ ಓಡ್ತೈತಿ. ನನ್ನ ಸುದ್ದಿ ಕೇಳು. ಇಷ್ಟು ವರ್ಷ ನೀನು ದೇವರಿಗಿ ಕೂಗೀನಿ ಅನ್ಕಂಡಿ. ದೇವರು ಕೇಳಿದನೋ ಬಿಟ್ಟನೋ ಅವನಿಗೇ ಗೊತ್ತು. ಕೇಳಿದಾಕಿ ನಾನು. ನೀನು ಕೂಗಿದಿ, ನಾನು ಹಂಚಿಟ್ಟೆ. ಒಂದು ದಿನಾನಾರ ತಣ್ಣನ ರೊಟ್ಟಿ ತಿಂದಿಯೇನು?"

ಓಬಳೇಶಪ್ಪ ಗುಡ್ಡದಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ.

"ಈಗ ನೀನು ಗುಡ್ಡದಾಗಿಲ್ಲ, ನನ್ನ ಅಂಗಳದಾಗ ಅದೀ. ಸಣ್ಣಗ ಕೂಗಿದ್ರ ನನಗ ಕೇಳಂಗಿಲ್ಲೇನು?"

"ನಡುವ ಕಡದ್ರ?"

"ಕಡೀಲಿ. ನಿನ್ನ ಎದೀನೇ ಕಡದು ಹೊಲದು ಕಳಿಸ್ಯಾರ. ಮನಿ ಬಿತ್ತೇನು? ನಿಂತೈತಿಲ್ಲ?"

ಅಷ್ಟು ಹೇಳಿ ಅವಳು ಒಳಗೆ ನಡೆದಳು. ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅದನ್ನು ತಾನೇ ತಿಂದಳು. ಗಂಡನ ಮೇಲೆ ಹಾಗೆ ಬಾಯಿ ಮಾಡಿದ್ದಕ್ಕೆ ರಾತ್ರಿಯ ಊಟವನ್ನು ತಲೆ ತಗ್ಗಿಸಿಯೇ ಬಡಿಸಿದಳು. ಅವನು ಮಾತ್ರ ಉಪ್ಪಿನ ತಕರಾರಿಲ್ಲದೆ ಉಂಡ.

ಮರುದಿನದಿಂದ ಡಬ್ಬಿಯನ್ನು ಯಾರೂ ನೆನಪಿಸಬೇಕಾಗಲಿಲ್ಲ. ಬೆಳಿಗ್ಗೆ ಎದ್ದವನೇ ನಳಿಗೆ ಕಚ್ಚಿ ಕೂರುತ್ತಿದ್ದ. ಮೊದಲ ಗುಂಡು ಏರಿ ನಿಂತಿತು. ಎರಡನೆಯದು ಕೆಲ ದಿನ ಸತಾಯಿಸಿ ಅದೂ ಏರಿತು. ಮೂರನೆಯದು ಇದ್ದಲ್ಲೇ ಅಲುಗಾಡಿ ಕೂರುತ್ತಿತ್ತು. "ಅದು ನಿನ್ನ ಗಂಡನಂಗ ಮೊಂಡ" ಎಂದು ಅವನು ಸೊಸೆಗೆ ಅಂದ. ಕಾಯಿಲೆ ಬಿದ್ದ ಮೇಲೆ ಅವನು ಆಡಿದ ಮೊದಲ ಚೇಷ್ಟೆಯ ಮಾತು ಅದು. ರೇಣುಕಾ ಅದನ್ನು ಗಂಡನಿಗೆ ಫೋನಿನಲ್ಲಿ ಹೇಳಿದಳಂತೆ, ಅವನು ಕೊಟ್ಟೂರಿನ ಬಸ್ಸಿನಲ್ಲಿ ಒಬ್ಬನೇ ನಕ್ಕನಂತೆ. ನೀರು ತುಂಬಿದ್ದ ಕಾಲಿನ ಬಾವು ಇಳಿಯಿತು. ಕೆಮ್ಮು ಬಂದಾಗ ದಿಂಬು ಹುಡುಕುವುದು ತಪ್ಪಿತು. ಮುಂದಿನ ತಪಾಸಣೆಯಲ್ಲಿ ಎದೆಯ ನೀರು ಹೋಗಿದೆ, ಮೂಳೆ ಕೂಡಿಕೊಂಡಿದೆ ಎಂದರು. ಈ ಸಲ ರೇಣುಕಾಳೇ ಕೂಗಿನ ವಿಷಯ ಬಿಡಿಸಿ ಹೇಳಿ ಕೇಳಿದಳು. ಸುಸ್ತಾಗುವ ಮುನ್ನ ನಿಲ್ಲಿಸುವುದಾದರೆ ಕೂಗಲಿ ಎಂದು ಡಾಕ್ಟರು ನಕ್ಕರು.

ಆ ವಾರದ ಭಾನುವಾರ ಓಬಳೇಶಪ್ಪ ಮೈ ತೊಳೆದುಕೊಂಡು, ಹಣೆಗೆ ಭಂಡಾರ ಹಚ್ಚಿಕೊಂಡು, ಪೆಟ್ಟಿಗೆಯಲ್ಲಿದ್ದ ಕಂಬಳಿ ಹೆಗಲಿಗೆ ಹಾಕಿಕೊಂಡ. ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮೈಲಾರೇಶ್ ಪಡಸಾಲೆಯ ಕಂಬಕ್ಕೆ ಒರಗಿದ, ರೇಣುಕಾ ಸೆರಗು ಬಿಗಿದುಕೊಂಡಳು, ರೋಜಾ ಮೋತಿಯ ಕೊರಳು ಹಿಡಿದು ಕೂತಳು. ಈರಕ್ಕ ಒಲೆಯ ಮುಂದೆ ಖಾಲಿ ಹಂಚನ್ನು ಪಕ್ಕದಲ್ಲಿಟ್ಟುಕೊಂಡು ಕಾದಳು. ಕಟ್ಟಿಗೆ ಉರಿಯುತ್ತಿತ್ತು.

ಅವನು ಕಲ್ಲು ಹತ್ತಿದ. ಮೈಲಾರದ ದಿಕ್ಕಿಗೆ ತಿರುಗಿ ಗಾಳಿ ಎಳೆದುಕೊಂಡ. ಆ ಎಳೆದ ಸದ್ದು ಅಡುಗೆಮನೆಗೂ ಕೇಳಿತು.

"ಏಳುಕೋಟಿ..."

ಹಳೆಯ ದನಿಯ ನೆರಳಷ್ಟೇ ಅದು. ಓಣಿಯನ್ನೂ ದಾಟಲಾರದು. ಆದರೂ ಅವನದೇ.

"ಏಳುಕೋಟಿ..."

ಅಲ್ಲಿಗೆ ಉಸಿರು ಮುಗಿಯಿತು. ಬಾಯಿ ತೆರೆದೇ ಇತ್ತು, ಒಳಗಿಂದ ಏನೂ ಬರಲಿಲ್ಲ. ಅವನ ಕೈ ಎದೆಗೆ ಹೋಯಿತು. ಮೈಲಾರೇಶನ ತುಟಿಗಳು ಅಲುಗಿದವು, ಆದರೆ ಕೊಡದ ಕೂಗನ್ನು ಅವನು ಹೇಗೆ ಮುಟ್ಟಿಯಾನು. ಕೂಗು ನಡು ಅಂಗಳದಲ್ಲಿ ಕಡಿದು ನಿಂತಿತ್ತು, ಮನೆ ಮಂದಿಯೆಲ್ಲ ಅದನ್ನು ನೋಡುತ್ತಿದ್ದರು.

ಆಗ ಅಡುಗೆಮನೆಯಿಂದ ಬಂತು.

"ಏಳುಕೋಟಿಗೋ..."

ಒಲೆಯ ಹೊಗೆ ಕುಡಿದು ಒಡೆದ ದನಿ. ದಿನವೂ ಕೇಳಿ ಕೇಳಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಬಲ್ಲ ದನಿ. ಕೊನೆಯ 'ಗೋ' ಬೇವಿನಮರದ ತನಕ ಹೋಯಿತು, ದೊಡ್ಡಿ ದಾಟಿತು, ಇನ್ನೂ ಸ್ವಲ್ಪ ಹೋಯಿತು. ಕೂಗಿದವಳು ತಾನೇ ಎಂದು ಈರಕ್ಕನಿಗೆ ತಿಳಿದದ್ದು ಉಸಿರು ಮುಗಿದ ಮೇಲೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಪಕ್ಕದ ಮನೆಯ ತಿಪ್ಪೇರುದ್ರಮ್ಮ ಗೋಡೆಯ ಮೇಲಿನಿಂದ ಮುಖ ತೂರಿಸಿದಳು. ಆ ಗೋಡೆಯಾಚೆ ಒಂದು ಸುದ್ದಿ ಹೋದರೆ ಸಂಜೆಗೆ ಊರೆಲ್ಲ ತಿಳಿಯುವುದು ಎಲ್ಲರಿಗೂ ಗೊತ್ತಿತ್ತು.

"ಯಾರ್ರಿ ಅಣ್ಣ, ಈಗ ಕೂಗಿದ್ದು?"

ಓಬಳೇಶಪ್ಪ ಕಲ್ಲಿನಿಂದ ನಿಧಾನಕ್ಕೆ ಇಳಿದ. ಅಡುಗೆಮನೆಯ ಬಾಗಿಲ ಕಡೆಗೊಮ್ಮೆ ನೋಡಿದ.

"ನಾನವ್ವ. ಮತ್ಯಾರು ಕೂಗ್ತಾರ ಈ ಮನ್ಯಾಗ?"

"ದನಿ ಬ್ಯಾರೆ ಕೇಳಿಸ್ತು. ಒಂದೇ ಉಸಿರಿಗಿ ಕೂಗಿದ್ರೇನು?"

"ಒಂದೇ ಉಸಿರಿಗಿ" ಅಂದ ಓಬಳೇಶಪ್ಪ.

ರೋಜಾ ಕೈ ಸಡಿಲಿಸಿದಳು. ಮೋತಿ ಗುಡ್ಡದ ಕಡೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ, ಒಳಗೊಮ್ಮೆ ನೋಡಿ, ತಿರುಗಿ ಬಂದು ಒಡೆಯನ ಕಾಲು ಮೂಸಿ ಬಾಲ ಆಡಿಸಿತು. ಓಬಳೇಶಪ್ಪ ಕಾಲು ತೊಳೆದು ಒಳಗೆ ಬಂದು ಗೋಡೆಗೆ ಒರಗಿ ಕೂತ. ದಣಿದಿದ್ದ, ಆದರೆ ಕಣ್ಣು ತಿಳಿಯಾಗಿದ್ದವು. ಈರಕ್ಕ ಕಣ್ಣೆತ್ತಿ ನೋಡದೆ ಹಂಚಿಟ್ಟು ಹಿಟ್ಟಿಗೆ ಕೈ ಹಾಕಿದಳು.

ಮೊದಲ ರೊಟ್ಟಿ ಉಬ್ಬಿತು. ಅವನು ಮುರಿದು ಬಾಯಿಗಿಟ್ಟುಕೊಂಡ.

"ಬಿಸಿ ಐತೇನ್ರಿ?" ಎಂದು ಕೇಳಿದಳು ಈರಕ್ಕ.

"ಐತಿ" ಅಂದ ಓಬಳೇಶಪ್ಪ. "ಪಲ್ಯಕ್ಕ ಉಪ್ಪಿಲ್ಲ."